ಲೇಬಲ್ ಬಿಡಿ, ನಾಣ್ಯ ನೋಡಿ

ನಮಸ್ಕಾರ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಆದರೆ ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಗ್ರೇಡ್ 65 ಅಂತ ಲೇಬಲ್ ಮೇಲೇ ಇದೆಯಲ್ಲ, ಮತ್ತೆ ಲೂಪ್ ಹಿಡ್ಕೊಂಡು ಏನು ಹುಡುಕ್ತೀರಾ?" ಗ್ರೇಡಿಂಗ್ ಕಂಪನಿಯವರು ನಾಣ್ಯದ ಸ್ಥಿತಿಗೆ 70ರವರೆಗೆ ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಅಂಟಿಸುತ್ತಾರಲ್ಲ, ಆ ಲೇಬಲ್. ಲೂಪ್ ಅಂದರೆ ನಾನು ಹಿಡಿಯುವ ಭೂತಗನ್ನಡಿ. ಓದಿ ತಲೆ ಬಿಸಿಯಾಯಿತು. ನಾಣ್ಯ ನೋಡುತ್ತೇನೆ ಸ್ವಾಮಿ, ನಾಣ್ಯ!

ಆ 70 ಅಂಕದ ಅಳತೆ ಮಾಡಿದ್ದು ವಿಲಿಯಂ ಶೆಲ್ಡನ್, 1949ರಲ್ಲಿ. ಅದೂ ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗೆ. ಚಿನ್ನದ ನಾಣ್ಯಗಳಿಗೆ ಬಂದಿದ್ದು ಆಮೇಲೆ. ನಾಣ್ಯ ಎಷ್ಟು ಸವೆದಿದೆ, ಎಷ್ಟು ಗೀರು ಬಿದ್ದಿದೆ ಅಂತ ಅದು ಹೇಳುತ್ತದೆ. ಯಾವ ಅಚ್ಚಿನಿಂದ ಬಂತು ಅಂತ ಹೇಳುವುದಿಲ್ಲ.

1909ರ ಡಬಲ್ ಈಗಲ್ ತಗೊಳ್ಳಿ, ಅಮೆರಿಕದ 20 ಡಾಲರಿನ ಚಿನ್ನದ ನಾಣ್ಯ. ದೀಪದ ಕೆಳಗೆ ನಿಧಾನಕ್ಕೆ ಓರೆ ಮಾಡುತ್ತಾ ಲೂಪ್‌ನಲ್ಲಿ ಇಸವಿ ನೋಡಿ. ಕೆಲವು ನಾಣ್ಯಗಳಲ್ಲಿ ಕೊನೆಯ 9ರ ಅಡಿಯಿಂದ ಒಂದು 8 ಇಣುಕುತ್ತದೆ! 1908ರ ಇಸವಿ ಇದ್ದ ಅಚ್ಚಿನ ಮೇಲೇ 1909 ಒತ್ತಿಬಿಟ್ಟಿದ್ದಾರೆ. ನಾನು ಮೊದಲ ಸಲ ಆ 8ರ ಹೊಟ್ಟೆ ಕಂಡಾಗ ಉಸಿರು ಬಿಗಿ ಹಿಡಿದು ಕೂತಿದ್ದೆ. ಲೇಬಲ್ ನೋಡಿ ಯಾರಿಗಾದರೂ ಹಾಗಾಗಿದೆಯಾ?

"ಇಷ್ಟು ಸಣ್ಣ ವ್ಯತ್ಯಾಸ ಯಾರು ಕೇಳ್ತಾರೆ" ಅನ್ನುವವರೂ ಇದ್ದಾರೆ. ಸಣ್ಣದಾ? 1861ರಲ್ಲಿ ಡಬಲ್ ಈಗಲ್‌ನ ಹಿಂಬದಿಗೆ ಎತ್ತರದ ಅಕ್ಷರದ ಹೊಸ ಅಚ್ಚು ಮಾಡಿದರು. ಆಮೇಲೆ ಅದು ಬೇಡ ಅಂತ ಫಿಲಡೆಲ್ಫಿಯಾದ ಟಂಕಸಾಲೆಯಿಂದ ಹೊರಟ ಸುದ್ದಿ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆ ಮುಟ್ಟುವ ಹೊತ್ತಿಗೆ ಅಲ್ಲಿ 19,250 ನಾಣ್ಯ ಹೊಡೆದಾಗಿತ್ತು. ಆ ತಡವಾದ ಸುದ್ದಿ ಇವತ್ತಿಗೂ ಆ ಅಕ್ಷರಗಳಲ್ಲಿ ಇದೆ. 1873ರ 3 ಅಂತೂ 8ರ ಹಾಗೆ ಕಾಣುತ್ತದೆ ಅಂತ ದೂರು ಬಂದು, ಅದೇ ವರ್ಷ ಬಾಯಿ ತೆರೆದ 3 ಹಾಕಿದರು. ಇದೆಲ್ಲ ಗ್ರೇಡಿನಲ್ಲಿ ಎಲ್ಲಿದೆ, ತೋರಿಸಿ?

"ಕಂಪನಿಯವರೇ ನೋಡಿರ್ತಾರೆ" ಅಂತ ಇನ್ನೊಬ್ಬರು. ಅಯ್ಯೋ, ಎಷ್ಟೋ ವೆರೈಟಿಗಳ, ಅಂದರೆ ಇಂಥ ಅಚ್ಚಿನ ವ್ಯತ್ಯಾಸಗಳ, ಹೆಸರು ಲೇಬಲ್ ಮೇಲೆ ಬರಬೇಕಾದರೆ ನಾವೇ ಕೇಳಬೇಕು, ಬೇರೆ ಫೀಸ್ ಕಟ್ಟಬೇಕು! ಲೇಬಲ್ ಸುಮ್ನಿದ್ದರೆ ನಾಣ್ಯದಲ್ಲೂ ಏನಿಲ್ಲ ಅಂತ ಅರ್ಥ ಅಲ್ಲ.

ಲೂಪ್ ಹಿಡಿಯುವುದು ಹೇಗೆ ಅಂತ ಒಂದು ವಿಡಿಯೋ ಮಾಡಿದ್ದೇನೆ, ಚಾನೆಲ್‌ನಲ್ಲೇ ಇದೆ, ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲದವರು ಆಗಿಬಿಡಿ, ಮುಂದಿನ ವಾರ ಪೂರ್ತಿ 1873ರ ಬಗ್ಗೆಯೇ ಮಾತು. ಆದರೆ ಡಬ್ಬಿ ನೋಡಬೇಡಿ ರೀ. ನಾಣ್ಯ ನೋಡಿ. ನಂಬರ್ 65 ಇರಲಿ, 58 ಇರಲಿ, ನಾಣ್ಯ ನೋಡಿ!

ಕಾಮೆಂಟ್ ಹಾಕಿದವರೇ, ನಿಮ್ಮ ಹತ್ತಿರ 1909ರದ್ದು ಇದ್ದರೆ ಈಗಲೇ ಬೀರು ತೆಗೆಯಿರಿ. ಆ 9ರ ಹತ್ತಿರ ಏನು ಕಂಡಿತು ಅಂತ ಕೆಳಗೆ ಬರೆಯಿರಿ, ನಾನು ಕಾಯುತ್ತಿರುತ್ತೇನೆ.