ತೌಡಿನ ಸತ್ವ, ಬಾಣಂತಿಯ ಪಥ್ಯ

ಕೇಳುಗರೆಲ್ಲರಿಗೂ ನಮಸ್ಕಾರ.

ಜೀವಸತ್ವ ಎಂದೊಡನೆ ಹಣ್ಣಿನ ಬುಟ್ಟಿಯೋ ಔಷಧಿ ಅಂಗಡಿಯ ಮಾತ್ರೆಯೋ ನೆನಪಾಗುತ್ತದೆ. ನಾನು ಇಂದು ಮಾತನಾಡುವುದು ದಿನವೂ ಉಣ್ಣುವ ಅನ್ನದ ಬಗ್ಗೆ.

1890ರ ಸುಮಾರಿಗೆ ಜಾವಾದ ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತಾದಲ್ಲಿ, ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ರೋಗದ ಮೂಲ ಹುಡುಕುತ್ತಿದ್ದರು. ಕಾಲಿನ ಬಲ ಕುಂದಿ, ಹೃದಯ ಸೋತು ಜನ ಸಾಯುತ್ತಿದ್ದ ಕಾಲ. ರೋಗಾಣುವೇ ಕಾರಣ ಎಂಬ ನಂಬಿಕೆ ಅವರದು. ಅಷ್ಟರಲ್ಲಿ ಪ್ರಯೋಗಾಲಯದ ಕೋಳಿಗಳೂ ಕಾಲು ಸೋತು ಬಿದ್ದವು. ಕೆಲವು ತಿಂಗಳಲ್ಲಿ ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಿದರೆ, ಬಿದ್ದಾಗ ಅವುಗಳಿಗೆ ಸಿಗುತ್ತಿದ್ದದ್ದು ಸೇನಾ ಆಸ್ಪತ್ರೆಯ ಬಿಳಿ ಅನ್ನ. ಹೊಸದಾಗಿ ಬಂದ ಅಡುಗೆಯವನು ಆ ಅನ್ನವನ್ನು ಕೋಳಿಗೆ ಕೊಡಲು ಒಪ್ಪದಿದ್ದಾಗ ತೌಡು, ಅಂದರೆ ಕಾಳಿನ ಹೊರಪದರ, ಇರುವ ಅಕ್ಕಿ ಹಾಕಿದ್ದರು. ಈ ಸುಳಿವಿಗೆ 1929ರಲ್ಲಿ ಐಕ್‌ಮನ್ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ತೌಡಿನಲ್ಲಿದ್ದದ್ದು ಬಿ1 ಜೀವಸತ್ವ. ಅನ್ನವನ್ನು ದೇಹ ಶಕ್ತಿಯಾಗಿ ಮಾಡಿಕೊಳ್ಳಲು ಅದೇ ಬೇಕು. ಆದರೆ ದೇಹದಲ್ಲಿ ಅದರ ದಾಸ್ತಾನು ಕೆಲವು ವಾರಗಳಿಗಷ್ಟೇ ಸಾಲುತ್ತದೆ. ನಮ್ಮ ಕರಾವಳಿಯ ಕುಚ್ಚಲಕ್ಕಿಯ ಹಿರಿಮೆ ಇಲ್ಲಿದೆ: ಭತ್ತವನ್ನು ನೆನೆಸಿ ಬೇಯಿಸುವಾಗ ಹೊರಪದರದ ಬಿ1 ಕಾಳಿನೊಳಕ್ಕೆ ಇಳಿಯುತ್ತದೆ, ಗಿರಣಿಗೆ ಹಾಕಿದರೂ ಬಹುಪಾಲು ಉಳಿಯುತ್ತದೆ. ಬೆಳ್ತಿಗೆ ಅಕ್ಕಿಗೆ, ಅಂದರೆ ಭತ್ತವನ್ನು ಬೇಯಿಸದೆ ಮಾಡಿದ ಬಿಳಿ ಅಕ್ಕಿಗೆ, ಆ ರಕ್ಷಣೆ ಇಲ್ಲ. ಅದನ್ನು ಮತ್ತೆ ಮತ್ತೆ ತೊಳೆದು, ಗಂಜಿ ಬಸಿದು ಚೆಲ್ಲಿದರೆ ಉಳಿದದ್ದೂ ನೀರಿನೊಡನೆ ಹೋಗುತ್ತದೆ. ಬೇಳೆ ಬೇಗ ಬೇಯಲೆಂದು ಸೋಡಾ ಹಾಕುವುದನ್ನೂ ದಯವಿಟ್ಟು ಬಿಡಿ, ಸೋಡಾ ಬಿ1 ಅನ್ನು ಕೆಡಿಸುತ್ತದೆ.

ನನಗೆ ಎಲ್ಲಕ್ಕಿಂತ ಕಳವಳ ತರುವುದು ಬಾಣಂತಿಯ ಪಥ್ಯ. ಎಷ್ಟೋ ಮನೆಗಳಲ್ಲಿ ಬಿಳಿ ಅನ್ನ, ಮೆಣಸಿನ ಸಾರು, ತುಪ್ಪ ಅಷ್ಟೇ. ಬೇಳೆ ವಾಯು, ಸೊಪ್ಪು ಶೀತ ಎಂದು ತಡೆಯುತ್ತಾರೆ. ಪ್ರೀತಿಯಿಂದಲೇ ಮಾಡುವ ಈ ಪಥ್ಯದಿಂದ ತಾಯಿಯಲ್ಲಿ ಬಿ1 ಕುಂದುತ್ತದೆ, ಎದೆಹಾಲಿನಲ್ಲಿಯೂ ಕುಂದುತ್ತದೆ. ಎರಡು ಮೂರು ತಿಂಗಳ ಕೂಸು ಹಾಲು ಕುಡಿಯುವುದನ್ನು ಬಿಡುತ್ತದೆ, ಅಳುವ ದನಿ ಒಡೆಯುತ್ತದೆ, ಉಸಿರಾಟ ಏರುತ್ತದೆ. ಹೃದಯ ಸೋತು ಪ್ರಾಣವೇ ಹೋಗಬಹುದು. ಕಾರಣ ಗೊತ್ತಾಗಿ ಬಿ1 ಚುಚ್ಚುಮದ್ದು ಕೊಟ್ಟರೆ ಅದೇ ಕೂಸು ಕೆಲವೇ ಗಂಟೆಗಳಲ್ಲಿ ಸುಧಾರಿಸತೊಡಗುತ್ತದೆ.

ಆದ್ದರಿಂದ ಮನೆಯ ಹಿರಿಯರಲ್ಲಿ ನನ್ನ ವಿನಂತಿ: ಬಾಣಂತಿಗೆ ಹೆಸರುಬೇಳೆಯ ತೊವ್ವೆ ಬಡಿಸಿ; ಎಳ್ಳು, ಕಡಲೆಕಾಯಿ, ಮೊಳಕೆಕಾಳು ಕೊಡಿ. ಕೂಸಿನಲ್ಲಿ ಈ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ತಾಯಿ ಏನು ಉಣ್ಣುತ್ತಿದ್ದಾಳೆ ಎಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ. ನಮಸ್ಕಾರ.