ತಾರೀಖು ಗೊತ್ತಿರುವ ದುಡ್ಡು

ಕೇಳುಗರೆಲ್ಲರಿಗೂ ನಮಸ್ಕಾರ.

ಹಳ್ಳಿಯ ಬಡವರ ಕೈಗೆ ನೇರವಾಗಿ ದುಡ್ಡು ಕೊಡುವ ವಿಚಾರ ಬಂದಾಗಲೆಲ್ಲ ಒಂದು ಮಾತು ಬಂದೇ ಬರುತ್ತದೆ. "ನಾಳೆಯ ಯೋಚನೆಯೇ ಇಲ್ಲದವರು, ಬಂದದ್ದನ್ನು ಅವತ್ತೇ ಖರ್ಚು ಮಾಡಿ ಕೂರುತ್ತಾರೆ" ಅಂತ. ಈ ಮಾತು ತಪ್ಪು. ಕನಿಕರಕ್ಕೆ ಸುಮ್ನೆ ಹೇಳುತ್ತಿಲ್ಲ. ಮೆಕ್ಸಿಕೊ, ಕೀನ್ಯಾ, ಝಾಂಬಿಯಾ, ಘಾನಾ, ಉಗಾಂಡಾ, ಹೀಗೆ ಎಷ್ಟೋ ದೇಶಗಳ ಹಳ್ಳಿಗಳಲ್ಲಿ ದುಡ್ಡು ಕೊಟ್ಟು, ಆಮೇಲೆ ಮನೆಮನೆಗೆ ಹೋಗಿ ಅದು ಏನಾಯಿತು ಅಂತ ಕೇಳಿ ಬರೆದುಕೊಂಡಿದ್ದಾರೆ. ದುಡ್ಡು ಸಿಕ್ಕ ಮನೆಗಳನ್ನು ಸಿಗದೇ ಇದ್ದ ಮನೆಗಳ ಜೊತೆ ಇಟ್ಟು ನೋಡಿದ್ದಾರೆ. ಆ ಲೆಕ್ಕ ಬೇರೆಯದನ್ನೇ ಹೇಳುತ್ತದೆ.

ಅದಕ್ಕೂ ಮೊದಲು, ಬಡವರ ಮನೆಯಲ್ಲಿ ಯೋಚನೆ ಇಲ್ಲ ಅಂತ ಯಾರು ಹೇಳಿದ್ದು? ಇವತ್ತು ಕೂಲಿ ಸಿಕ್ಕರೆ ನಾಳೆ ಇಲ್ಲ ಅನ್ನುವ ಮನೆಯಲ್ಲಿ, ಯಾವ ಸಾಲ ಮೊದಲು ತೀರಿಸಬೇಕು, ಯಾರ ಹತ್ತಿರ ಕೈಗಡ ಕೇಳಬಹುದು, ಯಾರ ಹತ್ತಿರ ಈಗಾಗಲೇ ಕೇಳಿ ಆಗಿದೆ, ಮಗುವಿನ ಫೀಸಿಗೆ ಇನ್ನೆಷ್ಟು ದಿನ ಇದೆ, ಮಾರುವುದಾದರೆ ಕೋಳಿಯೋ ಮೇಕೆಯೋ, ಇದೆಲ್ಲ ಬೆಳಗಿನಿಂದ ರಾತ್ರಿಯವರೆಗೂ ತಲೆಯಲ್ಲಿ ಓಡುತ್ತಲೇ ಇರುತ್ತದೆ. ಇದೂ ಯೋಜನೆಯೇ ಅಲ್ವಾ? ಆದರೆ ಅದು ಮುಂದಿನ ವಾರವನ್ನು ದಾಟುವುದಿಲ್ಲ. ದಾಟುವುದಕ್ಕೆ ಪುರುಸೊತ್ತೇ ಸಿಗುವುದಿಲ್ಲ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಆನಂದಿ ಮಣಿ, ಸೆಂಧಿಲ್ ಮುಲೈನಾಥನ್, ಎಲ್ಡರ್ ಶಫೀರ್, ಜಿಯಾಯಿಂಗ್ ಝಾವ್ ಎಂಬ ಸಂಶೋಧಕರು ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಚಿತ್ರದ ಒಗಟುಗಳಂಥ ಪರೀಕ್ಷೆ ಕೊಟ್ಟರು. ಕಬ್ಬಿನ ದುಡ್ಡು ಬರುವ ಮುಂಚೆ ಒಂದು ಸಲ, ಬಂದ ಮೇಲೆ ಇನ್ನೊಂದು ಸಲ. ಅದೇ ರೈತ, ಅದೇ ತಲೆ. ಆದರೂ ಕೈಯಲ್ಲಿ ದುಡ್ಡಿಲ್ಲದ ತಿಂಗಳುಗಳಲ್ಲಿ ಉತ್ತರಗಳು ಹೆಚ್ಚು ತಪ್ಪಿದವು, ದುಡ್ಡು ಬಂದ ಮೇಲೆ ಸರಿಹೋದವು. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಬಂತು. ಚಿಂತೆ ತಲೆಯನ್ನು ತಿನ್ನುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಲೇ ಇದ್ದರು. ಎಷ್ಟು ತಿನ್ನುತ್ತದೆ ಅನ್ನುವುದು ಇಲ್ಲಿ ಅಂಕಿಗಳಲ್ಲಿ ಕಂಡಿತು.

ಇನ್ನೊಂದು ನೋಡಿ. ಬೆಳೆ ಬಂದ ತಕ್ಷಣ ಎಲ್ಲರೂ ಒಟ್ಟಿಗೆ ಮಾರುತ್ತಾರೆ, ಬೆಲೆ ಬಿದ್ದಿರುತ್ತದೆ. ಬಡ ರೈತನಿಗೆ ಇದು ಗೊತ್ತಿಲ್ಲ ಅಂತಲ್ಲ. ಗೊತ್ತಿದ್ದೂ ಮಾರುತ್ತಾನೆ, ಯಾಕಂದರೆ ಸಾಲದವನು ಬಾಗಿಲಲ್ಲಿ ನಿಂತಿದ್ದಾನೆ, ಮಗುವಿಗೆ ಶಾಲೆ ಶುರುವಾಗುತ್ತಿದೆ. ಕೆಲವು ತಿಂಗಳು ಕಳೆದ ಮೇಲೆ ಅದೇ ಮನೆಯವರು ಅದೇ ಧಾನ್ಯವನ್ನು ಜಾಸ್ತಿ ಬೆಲೆ ಕೊಟ್ಟು ಕೊಂಡು ತರುತ್ತಾರೆ. ಕೀನ್ಯಾದ ಪಶ್ಚಿಮ ಭಾಗದಲ್ಲಿ ಮೆಕ್ಕೆಜೋಳದ ಬೆಲೆ ಕೊಯ್ಲಿನ ಹೊತ್ತಿಗಿಂತ ಆಮೇಲೆ ನೂರಕ್ಕೆ 25ರಿಂದ 40ರಷ್ಟು ಏರುತ್ತದೆ ಅಂತ ಅಲ್ಲಿ ನಡೆದ ಅಧ್ಯಯನವೊಂದು ತೋರಿಸಿದೆ. ಆ ಕೆಲವು ತಿಂಗಳು ತಳ್ಳುವಷ್ಟು ದುಡ್ಡು ಕೈಯಲ್ಲಿದ್ದರೆ ಮೂಟೆ ಮನೆಯಲ್ಲೇ ಉಳಿಯುತ್ತದೆ. ಬುದ್ಧಿ ಮೊದಲೇ ಇತ್ತು. ಕಾಯುವ ಶಕ್ತಿ ಇರಲಿಲ್ಲ, ಅಷ್ಟೇ.

ಈಗ ಅದೇ ಪಶ್ಚಿಮ ಕೀನ್ಯಾದ ರಾರಿಯೆಡಾ ಎಂಬ ಕಡೆಗೆ ಹೋಗೋಣ. 2011ರ ಹೊತ್ತಿಗೆ ಗಿವ್‌ಡೈರೆಕ್ಟ್ಲಿ ಎಂಬ ಸಂಸ್ಥೆ ಅಲ್ಲಿ ಹುಲ್ಲಿನ ಚಾವಣಿಯ ಮನೆಗಳನ್ನು ಆರಿಸಿಕೊಂಡು, ಯಾವ ಷರತ್ತೂ ಇಲ್ಲದೆ, ಮೊಬೈಲ್ ಮೂಲಕ ದುಡ್ಡು ಕಳಿಸಿತು. ಕೆಲವರಿಗೆ ತಿಂಗಳು ತಿಂಗಳು, ಕೆಲವರಿಗೆ ಒಂದೇ ಗಂಟಿನಲ್ಲಿ. ತಿಂಗಳು ತಿಂಗಳು ಬಂದವರ ಮನೆಯಲ್ಲಿ ಊಟದ ಕೊರತೆ ಕಡಿಮೆಯಾಯಿತು. ಒಟ್ಟಿಗೆ ಬಂದವರು ಜಾಸ್ತಿ ಬಾಳಿಕೆ ಬರುವ ವಸ್ತುಗಳಿಗೆ ಹಾಕಿದರು, ಅದರಲ್ಲಿ ಮುಖ್ಯವಾದದ್ದು ತಗಡಿನ ಚಾವಣಿ.

ಈ ತಗಡಿನ ವಿಷಯ ಸ್ವಲ್ಪ ಹತ್ತಿರದಿಂದ ನೋಡಬೇಕು. ಹುಲ್ಲು ಅಗ್ಗ, ತಗಡು ದುಬಾರಿ ಅಂತ ಅನ್ನಿಸುತ್ತದೆ. ಆದರೆ ಹುಲ್ಲು ಕೊಳೆಯುತ್ತದೆ, ಸೋರುತ್ತದೆ, ಹುಳು ಬೀಳುತ್ತದೆ. ಮತ್ತೆ ಮತ್ತೆ ಹೊದಿಸಬೇಕು, ಹುಲ್ಲಿಗೂ ದುಡ್ಡು, ಹೊದಿಸುವವನಿಗೂ ದುಡ್ಡು. ತಗಡು ಒಂದು ಸಲ ಹಾಕಿದರೆ ವರ್ಷಗಟ್ಟಲೆ ಆ ಖರ್ಚಿಲ್ಲ, ಮಳೆಗಾಲದ ರಾತ್ರಿ ಮಕ್ಕಳನ್ನು ಎಬ್ಬಿಸಿ ಚಾಪೆ ಸರಿಸುವ ಕೆಲಸವೂ ಇಲ್ಲ. ಬಡವರು ಅಗ್ಗದ್ದನ್ನು ಪದೇ ಪದೇ ಕೊಂಡು ಜಾಸ್ತಿ ತೆರುತ್ತಾರೆ, ಯಾಕಂದರೆ ದುಬಾರಿಯದನ್ನು ಒಂದೇ ಸಲ ಕೊಳ್ಳುವ ದುಡ್ಡು ಅವರ ಕೈಯಲ್ಲಿ ಒಟ್ಟಿಗೆ ಎಂದೂ ಇರುವುದಿಲ್ಲ. ಆ ದುಡ್ಡು ಒಂದು ಸಲ ಸಿಕ್ಕಾಗ ಅವರು ಚಾವಣಿ ಹಾಕಿಸಿದರಲ್ಲ, ಇದಕ್ಕಿಂತ ದೂರದ ಯೋಚನೆ ಇನ್ನೇನು ಬೇಕು?

ಹಾಗಾದರೆ ಕುಡಿತ? ಈ ಪ್ರಶ್ನೆ ಯಾವಾಗಲೂ ಬರುತ್ತದೆ, ಉತ್ತರವೂ ಇದೆ. ವಿಶ್ವ ಬ್ಯಾಂಕಿನ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ ಲ್ಯಾಟಿನ್ ಅಮೆರಿಕ, ಆಫ್ರಿಕಾ, ಏಷ್ಯಾದ 19 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. ದುಡ್ಡು ಬಂದಿದ್ದರಿಂದ ಹೆಂಡ, ತಂಬಾಕಿನ ಖರ್ಚು ಹೆಚ್ಚಾಯಿತು ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಕೆಲವು ಕಡೆ ಕಡಿಮೆಯೇ ಆಗಿತ್ತು. ಬೆಲೆ ಏರುತ್ತದೆ ಅನ್ನುವ ಭಯಕ್ಕೂ ಉತ್ತರ ಇದೆ. ಕೀನ್ಯಾದ ಸಿಯಾಯಾದಲ್ಲಿ 10,500ರಷ್ಟು ಬಡ ಮನೆಗಳಿಗೆ ತಲಾ ಸುಮಾರು 1000 ಡಾಲರ್ ಕೊಟ್ಟಾಗಲೂ ಅಲ್ಲಿನ ಸಂತೆಗಳಲ್ಲಿ ಬೆಲೆ ಏರಿದ್ದು ನೂರಕ್ಕೆ ಒಂದೂ ಇಲ್ಲ, ಅದರ ಹತ್ತನೇ ಒಂದು ಭಾಗದಷ್ಟು.

ಮೆಕ್ಸಿಕೊದಲ್ಲಿ 1997ರಲ್ಲಿ ಪ್ರೊಗ್ರೆಸಾ ಎಂಬ ಯೋಜನೆ ಶುರುವಾಯಿತು. ಮಕ್ಕಳನ್ನು ಶಾಲೆಗೆ ಕಳಿಸಬೇಕು, ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು ಅನ್ನುವ ಷರತ್ತು ಇತ್ತು, ದುಡ್ಡು ತಾಯಂದಿರ ಕೈಗೆ ಹೋಗುತ್ತಿತ್ತು. ಆಮೇಲೆ ಲೆಕ್ಕ ಹಾಕಿದಾಗ ಕಂಡದ್ದು ಇದು: ಬಂದ ಪ್ರತಿ ಪೆಸೊದಲ್ಲಿ, ಅಂದರೆ ಅಲ್ಲಿನ ನೂರು ಸೆಂಟಾವೊದಲ್ಲಿ, 74 ಸೆಂಟಾವೊ ಮನೆ ಖರ್ಚಿಗೆ ಹೋಗಿದೆ, ಉಳಿದದ್ದನ್ನು ದನಕರು, ಬೇಸಾಯ, ಸಣ್ಣಪುಟ್ಟ ಉದ್ಯೋಗಕ್ಕೆ ಹಾಕಿದ್ದಾರೆ. ಹೊಟ್ಟೆಬಟ್ಟೆಗೇ ಸಾಲದ ಮನೆಯವರು ನಾಲ್ಕನೇ ಒಂದು ಭಾಗವನ್ನು ಎತ್ತಿಟ್ಟರು! ಹಾಗೆ ಮಾಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಎಷ್ಟು ಕೊಡುತ್ತಾರೆ ಅನ್ನುವುದನ್ನು ಎಲ್ಲರೂ ಕೇಳುತ್ತಾರೆ. ಯಾವ ತಾರೀಖಿಗೆ ಕೊಡುತ್ತಾರೆ, ಎಷ್ಟು ವರ್ಷ ಕೊಡುತ್ತಾರೆ ಅನ್ನುವುದನ್ನು ಕೇಳುವವರು ಕಡಿಮೆ. ನನಗೆ ಅನ್ನಿಸುವುದು, ಮುಂದಿನದನ್ನು ಯೋಚಿಸುವ ಮನೆಗೆ ಮೊತ್ತದಷ್ಟೇ ತಾರೀಖೂ ಮುಖ್ಯ.

ಘಾನಾದಲ್ಲಿ 2008ರಲ್ಲಿ ಲೀಪ್ ಎಂಬ ಯೋಜನೆ ಬಂತು. ಆದರೆ ಶುರುವಿನ ವರ್ಷಗಳಲ್ಲಿ ದುಡ್ಡು ಹೊತ್ತಿಗೆ ಸರಿಯಾಗಿ ಬರಲಿಲ್ಲ. 2011ರಲ್ಲಿ ಬಹಳ ದಿನ ಬರಲೇ ಇಲ್ಲ, ಆಮೇಲೆ 2012ರಲ್ಲಿ ಬಾಕಿಯೆಲ್ಲ ಒಟ್ಟಿಗೆ ಬಂತು. ಏನಾಯಿತು? ಮನೆಯ ದಿನನಿತ್ಯದ ಖರ್ಚು ಹೆಚ್ಚಲೇ ಇಲ್ಲ. ಜನ ಬಂದದ್ದರಲ್ಲಿ ಸಾಲ ತೀರಿಸಿದರು, ಒಂದಿಷ್ಟು ಉಳಿಸಿದರು. ಪಾಪ, ಅವರು ಮಾಡಿದ್ದು ಸರಿಯೇ. ಮುಂದಿನ ಸಲ ಯಾವಾಗ ಅಂತ ಗೊತ್ತಿಲ್ಲದ ದುಡ್ಡನ್ನು ನಂಬಿ ಊಟ ಹೆಚ್ಚಿಸುವುದಕ್ಕೆ ಆಗುತ್ತದೆಯೇ? ಮಗುವನ್ನು ಮುಂದಿನ ತರಗತಿಗೆ ಸೇರಿಸುವುದಕ್ಕೆ ಆಗುತ್ತದೆಯೇ? ಅದೇ ಝಾಂಬಿಯಾದಲ್ಲಿ 2010ರಿಂದ ಚಿಕ್ಕ ಮಕ್ಕಳಿರುವ ಮನೆಗಳಿಗೆ ಎರಡು ತಿಂಗಳಿಗೊಮ್ಮೆ ತಪ್ಪದೆ ದುಡ್ಡು ಹೋಯಿತು. ಅಲ್ಲಿ ಊಟವೂ ಹೆಚ್ಚಿತು, ಜನ ಬೇರೆಯವರ ಹೊಲದ ಕೂಲಿ ಕಡಿಮೆ ಮಾಡಿ ತಮ್ಮ ಹೊಲಕ್ಕೆ ಬೀಜ ಗೊಬ್ಬರ ಹಾಕಿದರು, ಕೋಳಿ ಆಡು ಸಾಕಿದರು. ಒಂದು ಕಂತು ತಡವಾಯಿತು ಅಂದರೆ ಕಚೇರಿಯಲ್ಲಿ ಅದು ಒಂದು ಫೈಲು. ಮನೆಯಲ್ಲಿ ಅದು ಮತ್ತೆ ಬಡ್ಡಿಗೆ ತಂದ ಸಾಲ.

ಎಷ್ಟು ವರ್ಷ ಅನ್ನುವುದಕ್ಕೂ ಒಳ್ಳೆಯ ಉದಾಹರಣೆ ಕೀನ್ಯಾದಲ್ಲೇ ಇದೆ. ಅದೇ ಗಿವ್‌ಡೈರೆಕ್ಟ್ಲಿ ಕೆಲವು ಹಳ್ಳಿಗಳ ವಯಸ್ಕರಿಗೆಲ್ಲ ತಿಂಗಳಿಗೆ ಸುಮಾರು 22 ಡಾಲರಿನಂತೆ 12 ವರ್ಷ ಕೊಡುತ್ತೇವೆ ಅಂತ ಹೇಳಿತು. ಇನ್ನು ಕೆಲವು ಹಳ್ಳಿಗಳಿಗೆ ಅಷ್ಟೇ ದುಡ್ಡು, ಆದರೆ 2 ವರ್ಷ ಮಾತ್ರ. ಮೂರನೇ ಗುಂಪಿಗೆ ಹೆಚ್ಚುಕಡಿಮೆ ಆ ಎರಡು ವರ್ಷದಷ್ಟನ್ನು ಒಂದೇ ಗಂಟಿನಲ್ಲಿ, ಸುಮಾರು 500 ಡಾಲರ್. ಎರಡು ವರ್ಷ ಆದಾಗ ಮೊದಲ ಎರಡು ಗುಂಪಿನವರ ಕೈಗೆ ಬಂದದ್ದು ಒಂದೇ ಮೊತ್ತ. ಆದರೂ 12 ವರ್ಷದ ಭರವಸೆ ಇದ್ದವರು ಅಂಗಡಿ, ವ್ಯಾಪಾರ ಅಂತ ಹೆಚ್ಚು ಶುರು ಮಾಡಿದ್ದರು. ಹೇಗೆ ಅಂದರೆ, ಒಟ್ಟಿಗೆ ಸೇರಿ ಚೀಟಿ ಹಾಕಿದರು. ತಿಂಗಳು ತಿಂಗಳು ಬರುವುದನ್ನು ಚೀಟಿಗೆ ಕಟ್ಟಿ, ಸರದಿ ಬಂದಾಗ ದೊಡ್ಡ ಗಂಟು ಎತ್ತಿದರು. ಮುಂದೆಯೂ ಬರುತ್ತದೆ ಅಂತ ಗೊತ್ತಿದ್ದರೆ ತಾನೇ ಚೀಟಿ ಕಟ್ಟುವ ಧೈರ್ಯ ಬರುವುದು? ದುಡ್ಡು ಬಂತು ಅಂತ ಜನ ಕೆಲಸ ಬಿಟ್ಟು ಕೂತರೇ ಅಂದರೆ, ಅದೂ ಇಲ್ಲ. ಕೂಲಿ ಕೆಲಸ ಕಡಿಮೆಯಾಗಿ ಸ್ವಂತ ಕೆಲಸ ಹೆಚ್ಚಾಯಿತು. ಗಂಟು ಸಿಕ್ಕವರೂ ಚೆನ್ನಾಗಿಯೇ ಮಾಡಿದರು. ಹಿಂದೆ ಬಿದ್ದದ್ದು ಎರಡೇ ವರ್ಷ ಅಂತ ಹೇಳಿಸಿಕೊಂಡವರು.

ಯಾರ ಹೆಸರಿಗೆ ಕೊಡಬೇಕು ಅನ್ನುವ ಚರ್ಚೆ ಇದೆ. ರಾರಿಯೆಡಾದಲ್ಲಿ ಗಂಡನಿಗೆ ಕೊಟ್ಟರೂ ಹೆಂಡತಿಗೆ ಕೊಟ್ಟರೂ ಖರ್ಚಿನಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೂ ನಾನು ಹೆಂಗಸರ ಹೆಸರಿಗೇ ಅನ್ನುತ್ತೇನೆ. ಜೀವನವೆಲ್ಲ ದುಡಿದೂ ತನ್ನದು ಅಂತ ಒಂದು ಖಾತೆ ಇಲ್ಲದವಳು ತನಗಾಗಿ ಏನನ್ನು ಯೋಚಿಸಿಟ್ಟುಕೊಳ್ಳಬೇಕು ಹೇಳಿ.

ಇಷ್ಟು ಹೇಳಿ ಇನ್ನೊಂದು ಮಗ್ಗುಲನ್ನು ಬಿಟ್ಟರೆ ತಪ್ಪಾಗುತ್ತದೆ. ಉಗಾಂಡಾದ ಉತ್ತರ ಭಾಗದಲ್ಲಿ 2008ರಲ್ಲಿ ಸರ್ಕಾರ ಯುವಕ ಯುವತಿಯರ ಗುಂಪುಗಳಿಗೆ, ಏನು ಕಸುಬು ಮಾಡುತ್ತೀರಿ ಬರೆದುಕೊಡಿ, ಆರಿಸಿದವರಿಗೆ ದುಡ್ಡು ಕೊಡುತ್ತೇವೆ ಅಂದಿತು. ತಲೆಗೆ ಸುಮಾರು 380 ಡಾಲರ್. ಹೊಲಿಗೆ, ಮರಗೆಲಸ, ಕಬ್ಬಿಣದ ಕೆಲಸ, ಹೀಗೆ ಕಲಿತು ಸಾಮಾನು ಕೊಂಡರು. ನಾಲ್ಕು ವರ್ಷದ ಮೇಲೆ ಅವರ ಗಳಿಕೆ ದುಡ್ಡು ಸಿಗದವರಿಗಿಂತ ನೂರಕ್ಕೆ 38ರಷ್ಟು ಜಾಸ್ತಿ ಇತ್ತು. ಆದರೆ ಒಂಬತ್ತು ವರ್ಷದ ಹೊತ್ತಿಗೆ ಎರಡೂ ಗುಂಪಿನ ಗಳಿಕೆ ಹೆಚ್ಚುಕಡಿಮೆ ಸಮವಾಗಿತ್ತು. ದುಡ್ಡು ಸಿಕ್ಕವರು ಕೆಳಗೆ ಬಿದ್ದಿರಲಿಲ್ಲ, ಸಿಗದವರು ನಿಧಾನವಾಗಿ ಅಲ್ಲಿಗೆ ಬಂದು ತಲುಪಿದ್ದರು. ಇದನ್ನು ತೋರಿಸಿ ದುಡ್ಡು ದಂಡ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಆ ನಾಲ್ಕೈದು ವರ್ಷ ಮುಂಚೆ ಕೈಗೆ ಕಸುಬು ಸಿಗುವುದು ಸಣ್ಣ ವಿಷಯವೇ? ಆದರೆ ಅಲ್ಲಿಂದ ಮುಂದಕ್ಕೆ ಹೋಗಬೇಕಾದರೆ ಆ ಹೊಲಿಗೆಯವಳ ಬಟ್ಟೆ ಕೊಳ್ಳುವ ಗಿರಾಕಿ ಬೇಕು, ಸಂತೆಗೆ ಹೋಗುವ ರಸ್ತೆ ಬೇಕು, ಕರೆಂಟು ಬೇಕು. ಅದನ್ನೆಲ್ಲ ಒಂದು ಮನೆಯವರು ತಮಗೆ ಬಂದ ದುಡ್ಡಿನಲ್ಲಿ ಕಟ್ಟಿಸಿಕೊಳ್ಳುವುದಕ್ಕೆ ಆಗುವುದಿಲ್ಲ. ಅದು ಸರ್ಕಾರ ಮಾಡಬೇಕಾದ ಕೆಲಸ, ಖಾತೆಗೆ ದುಡ್ಡು ಹಾಕಿದ್ದೇವಲ್ಲ ಅಂತ ಅದನ್ನು ಬಿಡುವ ಹಾಗಿಲ್ಲ.

ನಮಸ್ಕಾರ.