ಶಿಯಾನ್‌ನಲ್ಲಿ ಚಾಂಗಾನ್ ಹುಡುಕುತ್ತಾ

ಕೇಳುಗರಿಗೆ ನಮಸ್ಕಾರ.

ಚೀನಾದ ಶಿಯಾನ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಮಣ್ಣಿನ ಸೈನಿಕರು. ನಮ್ಮ ಪತ್ರಿಕೆಗಳಲ್ಲಿ ಈ ಊರಿನ ಹೆಸರನ್ನು ಕ್ಸಿಯಾನ್ ಅಂತಲೂ ಬರೆಯುತ್ತಾರೆ. ಸೈನಿಕರ ವಿಷಯಕ್ಕೆ ಆಮೇಲೆ ಬರುತ್ತೇನೆ. ಹಳೆಯ ರಾಜಧಾನಿ ನೋಡೋಣ ಅಂತ ಜನ ಅಲ್ಲಿಗೆ ಹೋಗುತ್ತಾರಲ್ಲ, ಆ ರಾಜಧಾನಿ ಅಲ್ಲಿ ಉಳಿದಿರುವುದು ತೀರಾ ಕಡಿಮೆ. ಇದನ್ನು ಮೊದಲೇ ತಿಳಿದುಕೊಂಡು ಹೋದರೆ ಊರು ಬೇರೆ ಥರ ಕಾಣುತ್ತದೆ.

ಟಾಂಗ್ ಅರಸರ ಕಾಲದಲ್ಲಿ, ಅಂದರೆ 618ರಿಂದ 907ರವರೆಗೆ, ಇದು ಚಾಂಗಾನ್. ಸುಮಾರು 84 ಚದರ ಕಿಲೋಮೀಟರ್ ಹರಡಿದ್ದ ಊರು. ಚೌಕಾಬಾರದ ಮನೆಗಳಂತೆ ಅಡ್ಡಕ್ಕೂ ಉದ್ದಕ್ಕೂ ನೇರ ರಸ್ತೆಗಳು, ನಡುವೆ ಗೋಡೆ ಕಟ್ಟಿದ ನೂರಕ್ಕೂ ಹೆಚ್ಚು ಕೇರಿಗಳು. ಸಂಜೆ ನಗಾರಿ ಬಾರಿಸಿದ ಮೇಲೆ ಕೇರಿಗಳ ಬಾಗಿಲು ಹಾಕಿಬಿಡುತ್ತಿದ್ದರು. ಜಪಾನಿನವರು ನಾರಾ ಮತ್ತು ಕ್ಯೋಟೋ ಕಟ್ಟುವಾಗ ಇದನ್ನೇ ಮಾದರಿಯಾಗಿ ಇಟ್ಟುಕೊಂಡರು.

ಅಷ್ಟು ದೊಡ್ಡ ಊರು ಎಲ್ಲಿ ಹೋಯಿತು? 904ರಲ್ಲಿ ಜೂ ವೆನ್ ಎಂಬ ದಂಡನಾಯಕ ಚಕ್ರವರ್ತಿಯನ್ನೂ ಊರ ಜನರನ್ನೂ ಬಲವಂತವಾಗಿ ಲುವೊಯಾಂಗ್‌ಗೆ ಹೊರಡಿಸಿದ. ಅರಮನೆ, ಮನೆಗಳನ್ನು ಬಿಚ್ಚಿಸಿ, ಆ ಮರವನ್ನೆಲ್ಲ ವೆಯ್ ನದಿಯಲ್ಲಿ ತೇಲಿಬಿಟ್ಟ. ಮರದ ಊರು, ಹಾಗಾಗಿ ಬಿಚ್ಚಿ ಒಯ್ಯಲು ಆಯಿತು. ನಮ್ಮ ಬಾದಾಮಿಯ ಗುಹೆಗಳನ್ನು ಯಾರಾದರೂ ಹಾಗೆ ಹೊಳೆಗೆ ಬಿಡಲು ಆಗುತ್ತಿತ್ತಾ?

ಈಗ ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಆ ದಪ್ಪ ಕೋಟೆ ಗೋಡೆ ಮಿಂಗ್ ಅರಸರದು, 14ನೇ ಶತಮಾನದ್ದು. ಗಂಟೆ ಗೋಪುರ 1384ರದು, ನಗಾರಿ ಗೋಪುರ 1380ರದು. ಆ ಹೊತ್ತಿಗೆ ರಾಜಧಾನಿ ನಾನ್‌ಜಿಂಗ್‌ನಲ್ಲಿತ್ತು. ಈ ಕೋಟೆಯೊಳಗಿನ ಜಾಗ ಹಳೆಯ ಚಾಂಗಾನ್‌ನ ಒಂದು ಸಣ್ಣ ಭಾಗ ಮಾತ್ರ. ಹಾಗಂತ ಬಿಡಬೇಡಿ. ಗೋಡೆ ಪೂರ್ತಿ ಸುತ್ತು ಹೊಡೆದರೆ 13.7 ಕಿಲೋಮೀಟರ್, ಮೇಲೆ ಹನ್ನೆರಡು ಮೀಟರಿನಷ್ಟು ಅಗಲ, ಸೈಕಲ್ ಬಾಡಿಗೆಗೆ ಸಿಗುತ್ತದೆ. ದಕ್ಷಿಣದ ಬಾಗಿಲಲ್ಲಿ ಹತ್ತಿ, ಬಿಸಿಲು ಇಳಿದ ಮೇಲೆ ಹೊರಡಿ. ಇಟ್ಟಿಗೆ ಹಾಸು ಸ್ವಲ್ಪ ಎತ್ತಿಹಾಕುತ್ತದೆ, ಸೊಂಟ ನೋವಿದ್ದವರು ಸುಮ್ನೆ ನಡೆಯುವುದೇ ವಾಸಿ.

ಟಾಂಗ್ ಕಾಲದ್ದೇ ಬೇಕು ಅಂದರೆ ಊರಿನ ಉತ್ತರಕ್ಕೆ ದಾಮಿಂಗ್ ಅರಮನೆ ಇದೆ. ಬೀಜಿಂಗ್‌ನ ನಿಷೇಧಿತ ನಗರದ ನಾಲ್ಕು ಪಟ್ಟಿನಷ್ಟು ಜಾಗ, ಆದರೆ ಇರುವುದು ಅಡಿಪಾಯದ ದಿಬ್ಬಗಳು ಮತ್ತು ಹೊಸದಾಗಿ ಕಟ್ಟಿದ ಬಾಗಿಲು. ಮಕ್ಕಳಿಗೆ ಬೇಜಾರಾಗುತ್ತದೆ, ಹೇಳಿಬಿಡುತ್ತೇನೆ. ದಕ್ಷಿಣ ಬಾಗಿಲ ಹತ್ತಿರ ಇರುವ ಶಿಲಾಶಾಸನಗಳ ಮ್ಯೂಸಿಯಂ ನನಗೆ ಜಾಸ್ತಿ ಇಷ್ಟ. ಕನ್‌ಫ್ಯೂಷಿಯಸ್ ಪಂಥದ ಗ್ರಂಥಗಳನ್ನು ಪೂರ್ತಿ ಕೆತ್ತಿದ 837ರ ಕಲ್ಲುಗಳು ಅಲ್ಲಿವೆ. 781ರ ಒಂದು ಕಲ್ಲಂತೂ ಚೀನಾದಲ್ಲಿ ಆಗಲೇ ಕ್ರೈಸ್ತರು ಇದ್ದರು ಅಂತ ಚೀನೀ ಮತ್ತು ಸಿರಿಯಾಕ್ ಎರಡೂ ಭಾಷೆಯಲ್ಲಿ ಹೇಳುತ್ತದೆ.

ಆದರೆ ಕನ್ನಡಿಗರು ತಪ್ಪದೆ ನೋಡಬೇಕಾದ್ದು ದೊಡ್ಡ ಕಾಡುಬಾತು ಪಗೋಡ. ಏಳು ಅಂತಸ್ತು, 64 ಮೀಟರ್ ಎತ್ತರ, ಸ್ವಲ್ಪ ವಾಲಿದೆ. ಶಾಲೆಯಲ್ಲಿ ಹ್ಯೂಯೆನ್ ತ್ಸಾಂಗ್ ಅಂತ ಓದಿದ್ದೀರಲ್ವಾ, ಅವನು ಭಾರತದಿಂದ ತಂದ ಗ್ರಂಥಗಳನ್ನು ಕಾಪಾಡಲು ಮೊದಲು 652ರಲ್ಲಿ ಕಟ್ಟಿಸಿದ್ದು. 645ರಲ್ಲಿ ಅವನು ಚಾಂಗಾನ್‌ಗೆ ವಾಪಸ್ ಬಂದಾಗ 657 ಗ್ರಂಥಗಳು ಕುದುರೆಗಳ ಮೇಲೆ ಬಂದವು. ಚಕ್ರವರ್ತಿ ಕೇಳಿದ ಅಂತ ಮಾರನೆಯ ವರ್ಷವೇ ತನ್ನ ಪ್ರವಾಸದ ವಿವರವನ್ನು ಚಾಂಗಾನ್‌ನಲ್ಲೇ ಬರೆಸಿದ.

ಅದರಲ್ಲಿ ನಮ್ಮ ಇಮ್ಮಡಿ ಪುಲಕೇಶಿ ಬರುತ್ತಾನೆ. ಉತ್ತರದ ಹರ್ಷನಿಗೆ ಈ ಒಬ್ಬ ಅರಸನನ್ನು ಮಾತ್ರ ಬಗ್ಗಿಸಲು ಆಗಲಿಲ್ಲ ಎನ್ನುತ್ತಾನೆ. ಪುಲಕೇಶಿಯ ನಾಡಿನ ವೀರರು ಯುದ್ಧಕ್ಕೆ ಮೊದಲು ಕುಡಿಯುತ್ತಾರೆ, ಆನೆಗಳಿಗೂ ಕುಡಿಸುತ್ತಾರೆ. ಸೋತು ಬಂದ ದಳಪತಿಗೆ ಬೇರೆ ಶಿಕ್ಷೆ ಇಲ್ಲ, ಹೆಂಗಸರ ಬಟ್ಟೆ ಕೊಡುತ್ತಾರೆ. ಹೀಗೆಲ್ಲ ಬರೆಸಿದ್ದಾನೆ. ಐಹೊಳೆಯಲ್ಲಿ ರವಿಕೀರ್ತಿ 634ರಲ್ಲಿ ತನ್ನ ದೊರೆಯನ್ನು ಹೊಗಳಿ ಕೆತ್ತಿಸಿದ್ದು ಸರಿ, ಅವನು ಆಸ್ಥಾನದವನು. ಹ್ಯೂಯೆನ್ ತ್ಸಾಂಗ್‌ಗೆ ಹೊಗಳಿ ಆಗಬೇಕಾದ್ದು ಏನೂ ಇರಲಿಲ್ಲ, ಮೇಲಾಗಿ ಹರ್ಷ ಅವನಿಗೆ ಬೇಕಾದವನು. ಇನ್ನೂ ಒಂದು ಮಾತು. ಹ್ಯೂಯೆನ್ ತ್ಸಾಂಗ್ ಇದನ್ನು ಬರೆಸುವ ಹೊತ್ತಿಗೆ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು ಹಿಡಿದು ನಾಲ್ಕು ವರ್ಷ ಆಗಿತ್ತು, ಪುಲಕೇಶಿ ಇರಲಿಲ್ಲ. ಚಾಂಗಾನ್‌ನ ಬರಹದಲ್ಲಿ ಮಾತ್ರ ಅವನಿನ್ನೂ ಸೋಲದ ಅರಸ.

ಇನ್ನು ಮಣ್ಣಿನ ಸೈನಿಕರು. ಅದು ಊರೊಳಗೆ ಇಲ್ಲ, ಪೂರ್ವಕ್ಕೆ ಲಿನ್‌ತೊಂಗ್ ಹತ್ತಿರ, ಒಂದು ಗಂಟೆ ದಾರಿ. 1974ರಲ್ಲಿ ರೈತರು ಬಾವಿ ತೋಡುವಾಗ ಸಿಕ್ಕಿದ್ದು. ಕ್ರಿಸ್ತಪೂರ್ವ 210ರಲ್ಲಿ ಸತ್ತ ಚಿನ್ ಚಕ್ರವರ್ತಿಯ ಕಾವಲಿಗೆ ಇಟ್ಟವು ಇವು. ಮೂರನೇ ಗುಂಡಿ, ಎರಡನೇ ಗುಂಡಿ ನೋಡಿ ಕೊನೆಗೆ ಒಂದನೆಯದಕ್ಕೆ ಬನ್ನಿ, ಇಲ್ಲದಿದ್ದರೆ ಉಳಿದವು ಸಪ್ಪೆ ಅನ್ನಿಸುತ್ತವೆ. ಒಂದನೆಯದು ವಿಮಾನ ನಿಲ್ಲಿಸುವ ಶೆಡ್ಡಿನಷ್ಟಿದೆ, ಕಟಕಟೆ ಹತ್ತಿರ ಜನ ನುಗ್ಗುತ್ತಾರೆ. ಹಿಂದಿನ ಭಾಗಕ್ಕೆ ಹೋಗಿ, ಅಲ್ಲಿ ಒಡೆದ ತುಂಡುಗಳನ್ನು ಜೋಡಿಸಿ ನಿಲ್ಲಿಸಿರುವುದು ಕಾಣುತ್ತದೆ. ಮೊದಲು ಇವಕ್ಕೆಲ್ಲ ಬಣ್ಣ ಇತ್ತು, ನೆಲದಿಂದ ತೆಗೆದು ಗಾಳಿ ತಾಗಿದ ಕೂಡಲೇ ಉದುರಿತು. ಚಕ್ರವರ್ತಿಯ ಸಮಾಧಿಯನ್ನು ಇನ್ನೂ ತೆರೆದಿಲ್ಲ, ಅದಕ್ಕೆ ಇದೂ ಒಂದು ಕಾರಣ.

ನೂಕುನುಗ್ಗಲು ಬೇಡ ಎನ್ನುವವರಿಗೆ ವಿಮಾನ ನಿಲ್ದಾಣದ ಕಡೆ ಹಾನ್ ಅರಸ ಜಿಂಗ್‌ನ ಸಮಾಧಿ ಇದೆ. ಅಲ್ಲಿನ ಬೊಂಬೆಗಳು ಮೊಣಕಾಲಿಗಿಂತ ಸ್ವಲ್ಪ ಎತ್ತರ, ಮರದ ಕೈಗಳು ಕೊಳೆತು ಹೋಗಿ ಕೈಯಿಲ್ಲದೆ ನಿಂತಿವೆ. ಜೊತೆಗೆ ಮಣ್ಣಿನ ಹಂದಿ, ಕುರಿ, ನಾಯಿಗಳ ಸಾಲು. ಗಾಜಿನ ನೆಲದ ಮೇಲೆ ನಡೆಯುತ್ತಾ ನೋಡಬಹುದು.

ಊಟದ ಮಾತು ಬಿಟ್ಟರೆ ನೀವು ಬಿಡುವುದಿಲ್ಲ. ನಗಾರಿ ಗೋಪುರದ ಹಿಂದೆ ಮುಸ್ಲಿಮರ ಕೇರಿ. ಗುಮ್ಮಟವೇ ಇಲ್ಲದ, ಚೀನೀ ಗುಡಿಯಂತೆ ಕಾಣುವ ಹಳೆಯ ಮಸೀದಿ ಅಲ್ಲೇ ಇದೆ. ಮಾಂಸ ತಿನ್ನುವವರು ಕುರಿ ಸಾರಿನಲ್ಲಿ ರೊಟ್ಟಿ ಚೂರು ಹಾಕಿದ್ದನ್ನು ತಿನ್ನಿ. ರೊಟ್ಟಿಯನ್ನು ನೀವೇ ಮುರಿದು ಕೊಡಬೇಕು, ಸಣ್ಣಗೆ ಮುರಿದಷ್ಟೂ ರುಚಿ. ಸಸ್ಯಾಹಾರಿಗಳಿಗೆ ಲ್ಯಾಂಗ್‌ಪಿ ಇದೆ, ಹುಳಿ ಖಾರ ಕಲಸಿದ ತಣ್ಣನೆಯ ಶಾವಿಗೆಯ ಥರ. ಮಾಂಸ ಬೇಡ, ಮೊಟ್ಟೆ ಬೇಡ ಅಂತ ಚೀನೀ ಭಾಷೆಯಲ್ಲಿ ಬರೆಸಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಬಾಯಲ್ಲಿ ಹೇಳಿದರೆ ತಿಳಿಯುವುದು ಕಷ್ಟ. ದುಡ್ಡನ್ನೂ ಹೆಚ್ಚಿನ ಕಡೆ ಮೊಬೈಲಿನಲ್ಲೇ ಕೊಡಬೇಕು, ಅದರ ಆ್ಯಪ್ ಇಲ್ಲಿಂದಲೇ ಹಾಕಿಕೊಂಡು ಹೋಗಿ.

ಏಪ್ರಿಲ್ ಚೆನ್ನಾಗಿರುತ್ತದೆ, ಅಕ್ಟೋಬರ್ ಕೂಡ. ಆದರೆ ಅಕ್ಟೋಬರ್ ಮೊದಲ ವಾರ ಮಾತ್ರ ಬೇಡ. ಅದು ಅವರ ರಾಷ್ಟ್ರೀಯ ರಜೆ, ಇಡೀ ಚೀನಾ ಅಲ್ಲೇ ಇರುತ್ತದೆ. ನಮಸ್ಕಾರ.